ಆರು ಅಡಿ ಗಿಡ, ಇಪ್ಪತ್ತು ಅಡಿ ಮರ

ನಾನು ಲೆಕ್ಕದ ಟೀಚರ್. ಬಣಕಲ್ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಆಗ ಕಂಪ್ಯೂಟರಿಗೆ ಅಂತ ಬೇರೆ ಟೀಚರ್ ಇರ್ಲಿಲ್ಲ. ಎರಡು ಸಾವಿರದ ಒಂದನೇ ಇಸವಿಯಲ್ಲಿ ಪರಮೇಶ್ವರಪ್ಪನವ್ರು ತಮ್ಮ ಎಸ್ಟೇಟ್ ಆಫೀಸಿಗೆ ಹೊಸ ಕಂಪ್ಯೂಟರ್ ತಂದು ಹಳೇವನ್ನ ಸ್ಕೂಲಿಗೆ ಕೊಟ್ರು. ಹೆಡ್‌ಮಾಸ್ಟರ್ ಗುರುವಯ್ಯನವ್ರು ಸ್ಟಾಫ್ ರೂಮಿಗೆ ಬಂದು ಇದನ್ನ ಯಾರು ನೋಡ್ಕೋತೀರಿ ಅಂತ ಕೇಳಿದ್ರು. ಕನ್ನಡ ಮೇಷ್ಟ್ರು ಕಿಟಕಿ ಕಡೆ ತಿರುಗಿದ್ರು. ವಿಜ್ಞಾನದವರಿಗೆ ಅದೇ ಹೊತ್ತಿಗೆ ಕೆಮ್ಮು ಬಂತು. ನಾನೊಬ್ಬಳು ನೆಟ್ಟಗೆ ನೋಡ್ತಾ ಕೂತಿದ್ದೆ ನೋಡಿ, "ಶಾಲಿನಿ ಟೀಚರ್, ನೀವೇ ಸರಿ," ಅಂದ್ರು. ಆಗ್ಲಿ ಅಂದೆ. ನಂಗೆ ಬರಲ್ಲ ಅನ್ನೋ ಮಾತು ನನ್ನ ಬಾಯಿಂದ ಹೊರಡೋದು ಸ್ವಲ್ಪ ಕಷ್ಟ, ಅದೇನು ಗುಣವೋ ದೋಷವೋ ಗೊತ್ತಿಲ್ಲ.

ರಜೆಯಲ್ಲಿ ಮೂಡಿಗೆರೆಯ ಒಂದು ಕಂಪ್ಯೂಟರ್ ಸೆಂಟರಿಗೆ ದಿನಾ ಬಸ್ಸಲ್ಲಿ ಹೋಗಿ ಕಲ್ತೆ. ಅಲ್ಲಿಯವ್ರು ಮಕ್ಕಳಿಗೆ ಇದು ಒಳ್ಳೇದು ಅಂತ ಲೋಗೋ ಅನ್ನೋ ಪ್ರೋಗ್ರಾಮನ್ನ ಫ್ಲಾಪಿಯಲ್ಲಿ ಹಾಕಿ ಕೊಟ್ರು, ಜೊತೆಗೊಂದು ಜೆರಾಕ್ಸ್ ಪುಸ್ತಕ. ಜೆರಾಕ್ಸ್ ಮಾಡಿದವ್ನಿಗೆ ಏನು ಅವಸರವೋ, ಅರ್ಧ ಪುಟಗಳು ಬರೀ ಕಪ್ಪು.

ಲೋಗೋದಲ್ಲಿ ಪರದೆ ಮೇಲೆ ಒಂದು ಪುಟ್ಟ ತ್ರಿಕೋನ ಇರುತ್ತೆ. ಅದನ್ನ ಆಮೆ ಅಂತಾರೆ. ಇಷ್ಟು ಮುಂದೆ ಹೋಗು ಅಂತ ಟೈಪ್ ಮಾಡಿದ್ರೆ ಗೆರೆ ಎಳೀತಾ ಹೋಗುತ್ತೆ, ಬಲಕ್ಕೆ ತಿರುಗು ಅಂದ್ರೆ ತಿರುಗುತ್ತೆ. ಒಂದು ಕೆಲಸವನ್ನ ಹೀಗೆ ಬಿಡಿಸಿ ಬಿಡಿಸಿ ಹೇಳಿಕೊಟ್ಟು ಅದಕ್ಕೊಂದು ಹೆಸರಿಟ್ಟುಬಿಟ್ರೆ ಮುಗೀತು, ಆಮೇಲೆ ಹೆಸರು ಹಿಡಿದು ಕರೆದ್ರೆ ಸಾಕು, ಪೂರ್ತಿ ಕೆಲಸ ತಾನೇ ಮಾಡುತ್ತೆ. ಹಂಗೆ ಹೆಸರಿಟ್ಟ ಕೆಲಸಕ್ಕೆ ಪ್ರೊಸೀಜರ್ ಅನ್ನೋದು. ನಮ್ಮ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡದ ಹೆಸರಿಟ್ರು. ಮನೆ, ಗೇಟು, ಕಣ. ಒಬ್ಬ ಮಹಾನುಭಾವ 'ಹಂದಿ' ಅಂತ ಪ್ರೊಸೀಜರ್ ಬರೆದು ನಾಲ್ಕು ಕಾಲಿನ ಪೆಟ್ಟಿಗೆ ತೋರಿಸಿದ. ಬಾಲ ಎಲ್ಲೋ ಅಂದ್ರೆ ಹಿಂದಿನಿಂದ ನೋಡಿದ್ರೆ ಕಾಣುತ್ತೆ ಟೀಚರ್ ಅಂದ.

ಆ ವರ್ಷ ಒಂಬತ್ತನೇ ಕ್ಲಾಸಿನಲ್ಲಿ ಇಬ್ಬರು ಮಕ್ಕಳಿಗೆ ಇದು ಚೆನ್ನಾಗಿ ಕೈಗೆ ಹತ್ತಿತ್ತು. ಒಬ್ಬ ಲಿಖಿತ್, ಪರಮೇಶ್ವರಪ್ಪನವರ ಮೊಮ್ಮಗ. ಊಟಿಯ ಬೋರ್ಡಿಂಗ್ ಸ್ಕೂಲಿಗೆ ಹಾಕಿದ್ರೆ ಅಲ್ಲಿ ಸಾರು ಸಿಹಿ ಇರುತ್ತೆ ಅಂತ ಹಠ ಹಿಡಿದು ವಾಪಸ್ ಬಂದಿದ್ದ ಹುಡುಗ. ಇನ್ನೊಬ್ಳು ರಂಜಿತಾ. ಅದೇ ಪರಮೇಶ್ವರಪ್ಪನವರ ತೋಟದಲ್ಲಿ ಕಾಫಿ ಹಣ್ಣು ಕುಯ್ಯೋ ಜವರಮ್ಮನ ಮಗಳು, ತೋಟದ ಕೂಲಿಯವರ ಲೈನ್ ಮನೆಯಿಂದ ನಡ್ಕೊಂಡು ಬರ್ತಿದ್ಳು. ಮಾತು ಕಮ್ಮಿ, ಹಠ ಜಾಸ್ತಿ. ನಂಗೆ ಇಬ್ರೂ ಇಷ್ಟ. ಆದ್ರೆ ನಿಜ ಹೇಳ್ಬೇಕಂದ್ರೆ ಹಠದವ್ರ ಕಡೆ ನನ್ನ ತೂಕ ಒಂದು ಚೂರು ವಾಲುತ್ತೆ.

ಜನವರಿಯಲ್ಲಿ ಚಿಕ್ಕಮಗಳೂರಿನಲ್ಲಿ ಮಕ್ಕಳ ವಸ್ತುಪ್ರದರ್ಶನ ಇತ್ತು. ಒಂದು ಸ್ಕೂಲಿಂದ ಇಬ್ಬರನ್ನ ಕರ್ಕೊಂಡು ಹೋಗ್ಬಹುದು. ನಾವು ಕಂಪ್ಯೂಟರಲ್ಲೇ ಒಂದು ಕಾಫಿ ತೋಟ ಬೆಳೆಸಿ ತೋರ್ಸೋಣ ಅಂತ ಮಾಡಿದ್ವಿ. ಲಿಖಿತ್ 'ತೋಟ' ಅನ್ನೋ ಪ್ರೊಸೀಜರ್ ಬರೀಬೇಕು, ಅದು ಸಾಲು ಸಾಲಾಗಿ ಕಾಫಿ ಗಿಡ ನೆಡುತ್ತೆ. ರಂಜಿತಾ 'ಮರ' ಅನ್ನೋದು ಬರೀಬೇಕು, ಅದು ನೆರಳಿಗೆ ಅಂತ ಒಂದು ಸಾಲು ಸಿಲ್ವರ್ ಮರ ನೆಟ್ಟು ಆಮೆಯನ್ನ ಹೊರಟ ಜಾಗಕ್ಕೇ ತಂದು ನಿಲ್ಲಿಸುತ್ತೆ. ಮೂರು ಸಾಲು ಗಿಡ ಆದ ಮೇಲೆ 'ತೋಟ' ತಾನೇ 'ಮರ'ವನ್ನ ಕರೀಬೇಕು, ಮರದ ಸಾಲು ಆದ್ಮೇಲೆ ಮತ್ತೆ ಗಿಡ. ಒಬ್ಬರು ಬರೆದ ಪ್ರೊಸೀಜರನ್ನ ಇನ್ನೊಬ್ಬರು ಬಿಚ್ಚಿ ತಿದ್ದೋ ಹಾಗಿಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಇಲ್ಲಾಂದ್ರೆ ಜಗಳ ಬಿಡಿಸೋದ್ರಲ್ಲೇ ನನ್ನ ಪೀರಿಯಡ್ ಮುಗೀತಿತ್ತು.

ಬೇರೆ ಬೇರೆಯಾಗಿ ಓಡಿಸಿದಾಗ ಎರಡೂ ಮುತ್ತಿನ ಹಾಗೆ ಬಂದ್ವು. ಲಿಖಿತನ ಗಿಡಗಳು ಗೂಟ ಹೊಡೆದು ಹಗ್ಗ ಹಿಡಿದು ನೆಟ್ಟಷ್ಟು ನೇರ. ರಂಜಿತಾಳ ಮರಗಳು ಎತ್ತರಕ್ಕೆ, ಮೇಲೆ ಸಣ್ಣ ಸಣ್ಣ ಕೊಂಬೆ. ಡಿಸೆಂಬರಿನಲ್ಲಿ ಒಂದಿನ ಎರಡನ್ನೂ ಸೇರಿಸಿ ಓಡಿಸೋದು ಅಂತ ಆಯ್ತು. ಹೆಡ್‌ಮಾಸ್ಟ್ರೂ ಬಂದು ಹಿಂದೆ ಕೈ ಕಟ್ಕೊಂಡು ನಿಂತ್ರು.

ಮೊದಲಿನ ಮೂರು ಸಾಲು ಗಿಡ ಚೆಂದಾಗಿ ಬಂತು. ಮರದ ಸಾಲು ಬಂತು. ಅದಾದ ಮೇಲೆ ಅದೇನಾಯ್ತೋ, ಆಮೆಗೆ ಹುಚ್ಚು ಹಿಡೀತು. ಗಿಡಗಳು ದೂರ ದೂರ ಬಿದ್ವು, ಆಮೆ ಪರದೆಯ ಬಲಗಡೆಯಿಂದ ಹೊರಗೆ ಹೋಗಿ ಎಡಗಡೆಯಿಂದ ಒಳಗೆ ಬಂತು, ಮೊದಲು ನೆಟ್ಟ ಗಿಡಗಳ ಮೇಲೇ ಮತ್ತೆ ಗಿಡ ನೆಡ್ತು. ಆನೆ ನುಗ್ಗಿ ಹೋದ ತೋಟನೂ ಅದಕ್ಕಿಂತ ಚೆನ್ನಾಗಿರುತ್ತೆ. ಮಕ್ಕಳೆಲ್ಲ ಬಾಯಿ ಮುಚ್ಕೊಂಡು ನಕ್ರು.

"ಮರ ಬರೋವರ್ಗೂ ಸರಿಯಿತ್ತಲ್ಲ," ಅಂದ್ರು ಹೆಡ್‌ಮಾಸ್ಟ್ರು. "ಆ ಹುಡುಗಿದ್ದೇ ಏನೋ ತಪ್ಪಿದೆ ಟೀಚರ್. ಮರ ತೆಗೆದುಬಿಡಿ. ಬರೀ ಗಿಡ ತೋರಿಸಿದ್ರೆ ಸಾಕು, ಸದ್ಯಕ್ಕೆ ಲಿಖಿತ್ ಹೋಗ್ಲಿ. ಇನ್ನೊಬ್ರು ಯಾರು ಅಂತ ಆಮೇಲೆ ನೋಡೋಣ."

ನಂಗೆ ಸಿಟ್ಟು ನೆತ್ತಿಗೇರ್ತು. "ಸಾರ್, ನೆರಳಿಲ್ಲದ ಕಾಫಿ ತೋಟ ಎಲ್ಲಾದ್ರೂ ನೋಡಿದೀರಾ? ಬಯಲಲ್ಲಿ ಕಾಫಿ ನೆಟ್ಟು ಚಿಕ್ಕಮಗಳೂರಲ್ಲಿ ತೋರ್ಸಿದ್ರೆ ಬಂದವ್ರು ಇವ್ರು ಯಾವ ದೇಶದವ್ರು ಅಂತ ಕೇಳ್ತಾರೆ."

"ಅದು ಕಂಪ್ಯೂಟರ್ ಅಲ್ವೇನಮ್ಮ, ಬಿಸಿಲೆಲ್ಲಿಂದ ಬರುತ್ತೆ," ಅಂದ್ರು. ಆಮೇಲೆ ಸ್ವಲ್ಪ ಇಳಿದು, "ಶನಿವಾರ ಪರಮೇಶ್ವರಪ್ಪನವ್ರು ನೋಡೋಕೆ ಬರ್ತಾರೆ. ಅಷ್ಟರಲ್ಲಿ ಸರಿ ಹೋದ್ರೆ ಇರ್ಲಿ. ಇಲ್ಲಾಂದ್ರೆ ಮರನೂ ಇಲ್ಲ, ಆ ಹುಡುಗಿನೂ ಇಲ್ಲ," ಅಂತ ಹೇಳಿ ಹೋದ್ರು.

ರಂಜಿತಾ ಅಲ್ಲೇ ಇದ್ಳು. ಅಳ್ಲಿಲ್ಲ. ಮುಖ ಮಾತ್ರ ಬಿಗಿದುಹೋಯ್ತು.

ಮಕ್ಕಳನ್ನ ಕಳಿಸಿ ನಾವು ಮೂರೇ ಜನ ಕೂತು ಎರಡೂ ಪ್ರೊಸೀಜರನ್ನ ಪಕ್ಕಪಕ್ಕ ಇಟ್ಟು ಓದಿದ್ವಿ. ಗೊತ್ತಾಗೋಕೆ ಬಹಳ ಹೊತ್ತು ಬೇಕಾಗ್ಲಿಲ್ಲ. ಲೋಗೋದಲ್ಲಿ ಒಂದು ಸಂಖ್ಯೆಯನ್ನ ನೆನಪಿಟ್ಕೋ ಅಂತ ಹೇಳೋಕೆ ಅದಕ್ಕೊಂದು ಹೆಸರು ಕೊಡ್ಬೇಕು. ಲಿಖಿತ್ ಗಿಡದಿಂದ ಗಿಡಕ್ಕೆ ಇರೋ ಜಾಗಕ್ಕೆ 'ಅಡಿ' ಅಂತ ಹೆಸರು ಕೊಟ್ಟು ಅದರಲ್ಲಿ ಆರು ಇಟ್ಟಿದ್ದ. ರಂಜಿತಾ ಮರದಿಂದ ಮರಕ್ಕೆ ಇರೋ ಜಾಗಕ್ಕೆ 'ಅಡಿ' ಅಂತಲೇ ಹೆಸರು ಕೊಟ್ಟು ಅದರಲ್ಲಿ ಇಪ್ಪತ್ತು ಇಟ್ಟಿದ್ಳು. ಕಂಪ್ಯೂಟರಿಗೆ ಇದ್ದಿದ್ದು ಒಂದೇ ಅಡಿ. ರಂಜಿತಾಳ ಮರ ನೆಟ್ಟು ಮುಗಿಯೋ ಹೊತ್ತಿಗೆ ಅದರಲ್ಲಿ ಇಪ್ಪತ್ತು ಕೂತಿತ್ತು. ಲಿಖಿತನ ತೋಟ ಮುಂದಿನ ಗಿಡಗಳನ್ನ ಇಪ್ಪತ್ತಡಿಗೆ ನೆಡ್ತಾ ಹೋಯ್ತು.

ಬೇರೆ ಊರಿನ ಮಕ್ಕಳು ಈ ತಪ್ಪು ಮಾಡ್ತಿರ್ಲಿಲ್ಲ ಬಿಡಿ. ಒಬ್ಬರು ಎಕ್ಸ್ ಅಂತಿದ್ರು, ಇನ್ನೊಬ್ರು ವೈ ಅಂತಿದ್ರು. ನಮ್ಮ ಕಡೆ ಯಾರನ್ನ ಬೇಕಾದ್ರೂ ನಿಲ್ಲಿಸಿ "ನಿಮ್ಮ ತೋಟ ಎಷ್ಟು ಅಡಿ?" ಅಂತ ಕೇಳಿ. ಉದ್ದಾನಾ ಅಗಲಾನಾ ಅಂತ ಯಾರೂ ತಿರುಗಿ ಕೇಳಲ್ಲ. "ಅರೇಬಿಕಾ, ಆರಡಿ" ಅಂತಾರೆ, ದೊಡ್ಡದಾಗಿ ಬೆಳೆಯೋ ಕಾಫಿ ಆದ್ರೆ "ರೋಬಸ್ಟಾ, ಹತ್ತಡಿ" ಅಂತಾರೆ. ಗಿಡಕ್ಕೂ ಅಡಿ, ಮರಕ್ಕೂ ಅಡಿ, ಬಾಳೆ ಹಾಕಿದ್ರೆ ಅದಕ್ಕೂ ಅಡಿ. ನಾನು ಬೋರ್ಡ್ ಮೇಲೆ ಎಕ್ಸ್ ಅಂತ ಬರೆದು ತೋರಿಸಿದ್ದು ಎಲ್ಲಾ ದಂಡ.

ಲಿಖಿತನಿಗೆ ಸಮಾಧಾನ ಆಯ್ತು. "ಅಷ್ಟೇನಾ? ರಂಜಿತಾ, ನಿಂದು ಮರದಡಿ ಅಂತ ಮಾಡ್ಕೋ. ಆಯ್ತಲ್ಲ."

"ನಾನ್ಯಾಕೆ ಮಾಡ್ಕೊಳ್ಲಿ? ನೀನು ಗಿಡದಡಿ ಅಂತ ಮಾಡ್ಕೋ."

"ನಾನು ಮೊದ್ಲು ಬರೆದಿದ್ದು ಮಾರಾಯ್ತಿ."

"ನಾನೂ ಅವತ್ತೇ ಬರೆದಿದ್ದು."

ಹೆಸರು ಬದಲಾಯಿಸಿಬಿಡಮ್ಮ, ಮುಗಿಯುತ್ತೆ ಅಂತ ನಾನೂ ಹೇಳೋಕೆ ಹೊರಟಿದ್ದೆ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ ಕೇಳಿದ್ಳು. "ಟೀಚರ್, ನಾಳೆ ಬಾಳೆ ನೆಡೋರು ಬಂದು ಅವ್ರೂ ಮರದಡಿ ಅಂತ ಇಟ್ರೆ? ಅವತ್ತು ಮತ್ತೆ ನನ್ನ ಮರ ಕೆಡುತ್ತಲ್ವಾ? ಪ್ರತಿ ಸಲಾನೂ ಎಲ್ಲರ ಹೆಸರು ಕೇಳ್ಕೊಂಡು ಬರ್ಬೇಕಾ?"

ಹುಡುಗಿ ಹೇಳಿದ್ದು ಸರಿ ಇತ್ತು. ಈಗ ಇಬ್ಬರು. ಮುಂದಿನ ವರ್ಷ ಇಡೀ ಕ್ಲಾಸು ಒಂದೇ ತೋಟ ಬರೆದ್ರೆ ಹೆಸರಿಗೆ ಎಲ್ಲಿ ಹೋಗೋದು. ಇದಕ್ಕೆ ಪುಸ್ತಕದಲ್ಲಿ ಏನಾದ್ರೂ ದಾರಿ ಇದ್ದೇ ಇರುತ್ತೆ, ಇಷ್ಟು ಸಣ್ಣ ವಿಷಯ ಯೋಚನೆ ಮಾಡದೆ ಯಾವನೂ ಭಾಷೆ ಮಾಡಿರಲ್ಲ ಅಂತ ನಂಗೆ ಗ್ಯಾರಂಟಿ ಅನ್ನಿಸ್ತು. "ಯಾರೂ ಹೆಸರು ಬದಲಾಯಿಸೋದು ಬೇಡ, ನಾನು ನೋಡ್ತೀನಿ," ಅಂದೆ.

ಅವತ್ತು ಸಂಜೆ ಬಣಕಲ್ ಬಸ್ ಸ್ಟ್ಯಾಂಡಲ್ಲಿ ಜವರಮ್ಮ ಸಿಕ್ಕಿದ್ಳು. ಸಂತೆ ಚೀಲ ಕೆಳಗಿಟ್ಟು, ಸೆರಗಲ್ಲಿ ಕೈ ಒರೆಸ್ಕೊಂಡು ನನ್ನ ಹತ್ರ ಬಂದ್ಳು. "ನಮ್ಮ ರಂಜಿ ಚಿಕ್ಮಗ್ಳೂರಿಗೆ ಹೋಗ್ತಾಳಂತೆ ಟೀಚರ್? ಲೈನಲ್ಲಿ ಎಲ್ರಿಗೂ ಹೇಳ್ಬಿಟ್ಟೀನಿ. ತೋಟದ ಮೇಸ್ತ್ರಿಗೂ ಹೇಳ್ದೆ. ಅವ್ಳಿಗೊಂದು ಹೊಸ ಲಂಗ ಬ್ಯಾರೆ ಹೊಲೀಯಾಕೆ ಹಾಕೀನಿ."

ಇನ್ನೂ ಗ್ಯಾರಂಟಿ ಇಲ್ಲ ಜವರಮ್ಮ ಅನ್ನೋಕೆ ನಾಲಿಗೆ ಏಳ್ಲಿಲ್ಲ.

"ಈಗ ದಾರೀಲಿ ಸಿಕ್ಕಿದ್ಳು, ಹೋಗ್ದೇ ಇದ್ರೆ ನಾನಿನ್ನು ಕಂಪ್ಯೂಟರ್ ರೂಮಿಗೆ ಕಾಲಿಡಲ್ಲ ಅಂತಾಳೆ ನೋಡಿ," ಅಂತ ಜವರಮ್ಮ ನಕ್ಳು. "ಹಂಗೆಲ್ಲ ಯಾಕಂತಾಳೋ. ಹೋಗೇ ಹೋಗ್ತಾಳಲ್ಲ."

"ಹೋಗ್ತಾಳೆ," ಅಂದೆ. ಹೇಳಿದ್ಮೇಲೆ ಇನ್ನೇನು, ಹೇಳಿದ್ದನ್ನ ಉಳಿಸ್ಕೋಬೇಕಲ್ಲ. ಆ ಹುಡುಗಿ ಒಂದು ಮಾತು ಆಡಿದ್ರೆ ಹಂಗೇ ಮಾಡೋಳು. ಕಾಲಿಡಲ್ಲ ಅಂದ್ರೆ ಇಡಲ್ಲ. ಅಷ್ಟು ಚೆನ್ನಾಗಿ ಬರೆಯೋಳು ಆ ರೂಮಿಂದ ಹೊರಗುಳಿದ್ರೆ ನನ್ನ ಕಂಪ್ಯೂಟರ್ ಪಾಠಕ್ಕೆ ಅರ್ಥನೇ ಇರ್ತಿರ್ಲಿಲ್ಲ.

ಮನೆಗೆ ಬಂದು ಜೆರಾಕ್ಸ್ ಪುಸ್ತಕ ಹಿಡ್ಕೊಂಡು ಕೂತೆ. ಕಪ್ಪಾಗಿದ್ದ ಪುಟಗಳನ್ನ ಬಲ್ಬಿಗೆ ಹಿಡಿದು ಓದಿದೆ. 'ಲೋಕಲ್' ಅಂತ ಒಂದು ಮಾತು ಸಿಕ್ತು. ಪ್ರೊಸೀಜರಿನ ಮೊದಲಲ್ಲಿ ಲೋಕಲ್ ಅಂತ ಬರೆದು ಹೆಸರು ಹೇಳಿದ್ರೆ, ಆ ಹೆಸರು ಆ ಪ್ರೊಸೀಜರಿಗೇ ಸ್ವಂತ. ಕೆಲಸ ಶುರುವಾದಾಗ ಹುಟ್ಟುತ್ತೆ, ಮುಗಿದಾಗ ಹೋಗುತ್ತೆ. ಇದೇ ಬೇಕಾಗಿದ್ದು ನೋಡಿ. ಖುಷಿಗೆ ಎದ್ದು ಹೋಗಿ ನಂಗೆ ನಾನೇ ಒಂದು ಲೋಟ ಕಾಫಿ ಮಾಡ್ಕೊಂಡೆ.

ಮಾರನೇ ದಿನ ಲಿಖಿತನಿಗೆ ಹೇಳ್ದೆ, ನಿನ್ನ ಅಡಿಯನ್ನ ಲೋಕಲ್ ಮಾಡ್ಕೋ ಅಂತ. ಅವನ ಗಿಡ ತಾನೇ ಕೆಡ್ತಿರೋದು, ಅವನದನ್ನ ಭದ್ರ ಮಾಡಿದ್ರೆ ಆಯ್ತು ಅಂತ ನನ್ನ ಲೆಕ್ಕ. ಅವನು 'ತೋಟ'ದ ಮೊದಲಲ್ಲಿ ಲೋಕಲ್ ಸೇರಿಸಿದ. ಓಡಿಸಿದ್ವಿ. ಮೂರು ಸಾಲು ಗಿಡ, ಮರ, ಆಮೇಲೆ ಮತ್ತೆ ಅದೇ ಆನೆ. ಏನೇನೂ ಬದಲಾಗಿರ್ಲಿಲ್ಲ.

ಲೆಕ್ಕದ ಟೀಚರಿಗೆ ಲೆಕ್ಕ ತಪ್ಪಿದಾಗ ಬರೋ ಕೋಪ ಇದ್ಯಲ್ಲ, ಅದನ್ನ ಯಾರ ಮೇಲೂ ತೀರಿಸೋಕಾಗಲ್ಲ. ಹೆಡ್‌ಮಾಸ್ಟ್ರು ಬಾಗಿಲಲ್ಲಿ ಇಣುಕಿ "ಆಯ್ತಾ ಟೀಚರ್?" ಅಂದ್ರು. "ಆಗ್ತಾ ಇದೆ," ಅಂದೆ. ಅವ್ರು ಪರದೆ ನೋಡಿ ಹೋದ್ರು. ರಂಜಿತಾ ಪಕ್ಕದಲ್ಲೇ ನಿಂತಿದ್ಳು, "ನಂದೇ ತಪ್ಪಿರ್ಬೇಕು ಬಿಡಿ ಟೀಚರ್," ಅಂದ್ಳು ಮೆಲ್ಲಗೆ. ಅವಳ ಬಾಯಲ್ಲಿ ಆ ಮಾತು ಕೇಳಿ ನಂಗೆ ತಡೀಲಿಕ್ಕಾಗ್ಲಿಲ್ಲ.

"ಎಲ್ರೂ ಎದ್ದೇಳಿ, ಗ್ರೌಂಡಿಗೆ ನಡೀರಿ," ಅಂದೆ.

ಪಕ್ಕದ ಪ್ರೈಮರಿ ಸ್ಕೂಲಿಂದ ಸ್ಲೇಟು ತರಿಸಿದೆ. ಕಂಪ್ಯೂಟರ್ ಮಾಡೋದನ್ನ ನಾವೇ ಮಾಡಿ ನೋಡೋಣ, ಎಲ್ಲಿ ತಪ್ಪುತ್ತೆ ಅಂತ ಕಣ್ಣಾರೆ ಕಾಣ್ಲಿ ಅಂತ. ಲಿಖಿತನೇ ತೋಟ. ಅವನ ಕೈಗೆ ಒಂದು ಸ್ಲೇಟು ಕೊಟ್ಟು, ಮೇಲೆ ಅಡಿ ಅಂತ ಬರೆಸಿ, ಕೆಳಗೆ ಆರು ಅಂತ ಬರೆಸಿದೆ. ಅದು ಅವನ ಸ್ವಂತ ಸ್ಲೇಟು. ಅವನು ಹಿಮ್ಮಡಿಗೆ ಹೆಬ್ಬೆಟ್ಟು ತಾಗಿಸಿ ಆರು ಹೆಜ್ಜೆ ಇಟ್ಟು ಒಂದು ಕಲ್ಲು, ಮತ್ತೆ ಆರು ಹೆಜ್ಜೆ ಇಟ್ಟು ಒಂದು ಕಲ್ಲು ಇಡ್ತಾ ಹೋದ. ಮೂರು ಸಾಲು ಮುಗಿದ ಮೇಲೆ ನಿಂತಲ್ಲೇ ನಿಂತು "ಮರ" ಅಂತ ಕೂಗಿದ.

ರಂಜಿತಾ ಬಂದ್ಳು. ಅವಳೇ ಮರ. ಮರ ಆಗಿ ನಿಲ್ಲೋಕೆ ಕ್ಲಾಸಿನ ಉದ್ದುದ್ದ ಹುಡುಗ್ರು ಸಾಲಾಗಿ ಕಾಯ್ತಿದ್ರು.

"ನಿನ್ನ ಪ್ರೊಸೀಜರಲ್ಲಿ ಮೊದಲನೇ ಸಾಲು ಏನಿದೆ?" ಅಂತ ಕೇಳ್ದೆ.

"ಅಡಿಯಲ್ಲಿ ಇಪ್ಪತ್ತು ಬರಿ ಅಂತ."

"ಬರಿ ಹಂಗಾದ್ರೆ."

ಅವಳು ಸುತ್ತ ನೋಡಿದ್ಳು. ಎಲ್ಲಿ ಬರೀತಾಳೆ? ಆ ಗ್ರೌಂಡಲ್ಲಿ ಅಡಿ ಅಂತ ಹೆಸರಿದ್ದ ಸ್ಲೇಟು ಒಂದೇ, ಅದು ಕರೆದವನ ಕೈಯಲ್ಲಿತ್ತು. ಅವನ ಕೈಯಿಂದ ಕಿತ್ಕೊಂಡು, ಆರು ಒರೆಸಿ, ಇಪ್ಪತ್ತು ಬರೆದು, ಹುಡುಗ್ರನ್ನ ಇಪ್ಪತ್ತಡಿಗೊಬ್ಬರಂತೆ ನಿಲ್ಲಿಸಿ, ಸ್ಲೇಟನ್ನ ವಾಪಸ್ ಅವನ ಕೈಗೆ ಕೊಟ್ಳು. ಲಿಖಿತ್ ಸ್ಲೇಟು ನೋಡಿ ಇಪ್ಪತ್ತು ಹೆಜ್ಜೆ ಇಡ್ತಾ ಹೊರಟ. ಗ್ರೌಂಡ್ ದಾಟಿ ಕಾಂಪೌಂಡಿನ ಹತ್ರ ಹೋದ. ಮಕ್ಕಳು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು.

ಲಿಖಿತ್ ಮಾತ್ರ ಕಾಂಪೌಂಡಿನ ಹತ್ರನೇ ನಿಂತುಬಿಟ್ಟ. ಸ್ಲೇಟು ನೋಡ್ದ, ರಂಜಿತಾಳನ್ನ ನೋಡ್ದ. ಅಲ್ಲಿಂದಲೇ ಕೂಗಿ ಹೇಳ್ದ: "ಟೀಚರ್, ಅವಳ ಕೈ ಖಾಲಿ ಇದೆ. ಅವಳದ್ದು ಅಂತ ಏನೂ ಇಲ್ಲ, ಅದಕ್ಕೇ ನಂದನ್ನ ತಗೋತಾಳೆ. ಅವಳಿಗೂ ಒಂದು ಸ್ಲೇಟು ಕೊಡಿ."

ಅಷ್ಟೇ ವಿಷಯ. ಲೋಗೋದಲ್ಲಿ ಕೆಲಸಕ್ಕೆ ಬಂದವ್ರು ಒಂದು ಹೆಸರನ್ನ ಹುಡುಕೋವಾಗ ಮೊದಲು ತಮ್ಮ ಕೈ ನೋಡ್ಕೋತಾರೆ. ಅಲ್ಲಿ ಇಲ್ಲಾಂದ್ರೆ ಕರೆದವರ ಕೈ ನೋಡ್ತಾರೆ. ನಾನು ಲಿಖಿತನಿಗೆ ಸ್ಲೇಟು ಕೊಟ್ಟು ಬಾಗಿಲು ಭದ್ರ ಮಾಡ್ದೆ ಅಂದ್ಕೊಂಡಿದ್ದೆ. ಕೊಡ್ಬೇಕಾಗಿದ್ದು ರಂಜಿತಾಳಿಗೆ. ಒಂದು ಸ್ಲೇಟಿಗೆ ಅಡಿ ಅಂತ ಬರೆದು ಅವಳ ಕೈಗಿಟ್ಟೆ, ಮತ್ತೆ ಮೊದಲಿಂದ ಆಟ ಆಡಿದ್ವಿ. ಈ ಸಲ ಅವಳು ತನ್ನ ಸ್ಲೇಟಲ್ಲೇ ಇಪ್ಪತ್ತು ಬರೆದ್ಳು, ಮರ ನಿಲ್ಲಿಸಿದ್ಳು, ಕೆಲಸ ಮುಗಿದ ಮೇಲೆ ಸ್ಲೇಟು ಒರೆಸಿ ನನ್ನ ಕೈಗೆ ಕೊಟ್ಟು ಹೋದ್ಳು. ಲಿಖಿತ್ ತನ್ನ ಸ್ಲೇಟು ನೋಡಿದ್ರೆ ಅದರಲ್ಲಿ ಆರು ಆರಾಗೇ ಇತ್ತು.

ರಂಜಿತಾ ಓಡಿ ಹೋಗಿ 'ಮರ'ದ ಮೊದಲಲ್ಲಿ ಲೋಕಲ್ ಸೇರಿಸಿದ್ಳು. ಓಡಿಸಿದ್ವಿ. ಗಿಡ, ಮರ, ಗಿಡ, ಮರ, ಪರದೆ ತುಂಬ. ಇಬ್ಬರ ಅಡಿನೂ ಅಡಿಯಾಗೇ ಉಳೀತು, ಯಾರೂ ಹೆಸರು ಬಿಡ್ಲಿಲ್ಲ. ನಂಗೆ ಆದ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಮಕ್ಕಳಿಗೆ ಕಾಣ್ಬಾರ್ದು ಅಂತ ಬೋರ್ಡ್ ಒರೆಸ್ತಾ ನಿಂತೆ.

ಹೆಡ್‌ಮಾಸ್ಟ್ರಿಗೆ ಹೋಗಿ ಹೇಳ್ದೆ. "ಸಂತೋಷ," ಅಂದ್ರು. "ರಂಜಿತಾ ಹೋಗ್ತಾಳಲ್ಲ ಸಾರ್?" ಅಂದೆ. "ಶನಿವಾರ ಆಗ್ಲಿ, ನೋಡೋಣ," ಅಂದ್ರು. ಈ ನೋಡೋಣ ಅನ್ನೋ ಮಾತು ಇದ್ಯಲ್ಲ, ಅದು ನಮ್ಮ ಗುರುವಯ್ಯನವರ ಜೇಬಲ್ಲಿ ಯಾವಾಗ್ಲೂ ಇರುತ್ತೆ. ಕೆಟ್ಟ ಮನುಷ್ಯ ಅಲ್ಲ. ಕಂಪ್ಯೂಟರ್ ಕೊಟ್ಟವ್ರ ಮನೆ ಹುಡುಗನ ಪಕ್ಕ ಯಾರು ನಿಂತ್ರೆ ಚೆನ್ನಾಗಿ ಕಾಣುತ್ತೆ ಅಂತ ಅವ್ರಿಗೊಂದು ಲೆಕ್ಕ ಇತ್ತು. ಆ ಲೆಕ್ಕ ನಂಗೆ ಅರ್ಥ ಆಗಿತ್ತು, ಅದಕ್ಕೇ ಇನ್ನೂ ಜಾಸ್ತಿ ಮೈ ಉರೀತಿತ್ತು.

ಶನಿವಾರ ಬೆಳಿಗ್ಗೆ ಜೀಪು ಬಂತು. ಪರಮೇಶ್ವರಪ್ಪನವ್ರು ಎತ್ತರದ ಆಳು, ಬಿಳಿ ಮೀಸೆ, ಯಾವಾಗ್ಲೂ ಅವಸರ. ಕೊಯ್ಲಿನ ಟೈಮು, ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಒಣಗ್ತಾ ಇದೆ, ಬೇಗ ತೋರ್ಸಿ ಅಂತಲೇ ಒಳಗೆ ಬಂದ್ರು. ಪುಣ್ಯಕ್ಕೆ ಕರೆಂಟ್ ಇತ್ತು. ಹೆಡ್‌ಮಾಸ್ಟ್ರು ಲಿಖಿತನನ್ನ ಕಂಪ್ಯೂಟರ್ ಮುಂದೆ ಕೂರಿಸಿದ್ರು. "ತೋರ್ಸೋಕೆ ಒಬ್ರು ಸಾಕು, ನೀವೆಲ್ಲ ಆ ಕಡೆ ನಿಲ್ಲಿ," ಅಂತ ಉಳಿದ ಮಕ್ಕಳನ್ನ ಬಾಗಿಲ ಹತ್ರ ಕಳಿಸಿದ್ರು. ರಂಜಿತಾನೂ ಅವರ ಜೊತೆ ಹೋಗಿ ನಿಂತ್ಳು. ನಾನು ಬಾಯಿ ತೆಗೀಬೇಕು ಅನ್ನೋಷ್ಟರಲ್ಲಿ ಲಿಖಿತ್ 'ತೋಟ' ಅಂತ ಟೈಪ್ ಮಾಡಿ ಆಗಿತ್ತು.

ಗಿಡ ಬಂದ್ವು, ಮರ ಬಂದ್ವು. ಪರಮೇಶ್ವರಪ್ಪನವ್ರ ಅವಸರ ಅಲ್ಲಿಗೇ ಮುಗೀತು. ಕುರ್ಚಿ ಎಳ್ಕೊಂಡು ಮೊಮ್ಮಗನ ಪಕ್ಕ ಕೂತ್ರು.

"ಇದು ಆರಡಿ, ಅರೇಬಿಕಾ. ನಮ್ಮ ಕೆಳಗಿನ ಬ್ಲಾಕ್ ರೋಬಸ್ಟಾ ಅಲ್ವಾ, ಹತ್ತಡಿ ಮಾಡು ನೋಡೋಣ."

ಲಿಖಿತ್ ತನ್ನ ಅಡಿಯಲ್ಲಿ ಆರು ತೆಗೆದು ಹತ್ತು ಹಾಕ್ದ. ಗಿಡಗಳು ಬಿಡಿಬಿಡಿಯಾಗಿ ಬಂದ್ವು, ಮರಗಳು ಇದ್ದ ಇಪ್ಪತ್ತರಲ್ಲೇ ಇದ್ವು. ಹೆಡ್‌ಮಾಸ್ಟ್ರು ತಾವೇ ನೆಟ್ಟ ಹಾಗೆ ತಲೆ ಆಡಿಸಿದ್ರು.

"ಸರಿ. ನೆರಳು ಸ್ವಲ್ಪ ತೆಳುವಾಯ್ತು ಕಣೋ. ಮರ ಹದಿನೈದಕ್ಕೆ ತಗೊಂಡು ಬಾ," ಅಂದ್ರು ಅಜ್ಜ.

ಅಜ್ಜ ಪಕ್ಕದಲ್ಲೇ ಕೂತಿದ್ದಕ್ಕೋ ಏನೋ ಹುಡುಗ ಗಾಬರಿಯಾದ. ಮರವನ್ನ ಕರೆಯೋದಕ್ಕಿಂತ ಮೊದಲು ತನ್ನ ಪ್ರೊಸೀಜರಲ್ಲೇ ಅಡಿ ಹದಿನೈದು ಅಂತ ಒಂದು ಸಾಲು ಸೇರಿಸಿ ಓಡಿಸಿದ. ಮರ ಒಂದಿಂಚೂ ಕದಲ್ಲಿಲ್ಲ. ಮರದಾಚೆಯ ಕಾಫಿ ಗಿಡಗಳೇ ಹದಿನೈದಡಿ ದೂರಕ್ಕೆ ಹೋದ್ವು.

"ನಾನು ಹೇಳಿದ್ದು ಮರಕ್ಕೆ," ಅಂದ್ರು ಪರಮೇಶ್ವರಪ್ಪನವ್ರು.

ಲಿಖಿತ್ ಕೀಬೋರ್ಡಿಂದ ಕೈ ತೆಗೆದ. "ಅದು ನನ್ನ ಮಾತು ಕೇಳಲ್ಲ ಅಜ್ಜ. ಮರದ ಅಡಿ ಮರದ ಒಳಗಿದೆ. ಹೊರಗಿಂದ ಏನು ಹೇಳಿದ್ರೂ ಅದಕ್ಕೆ ಗೊತ್ತಾಗಲ್ಲ."

"ಕಂಪ್ಯೂಟರ್ ನಂದಲ್ವೇನೋ?"

"ಕಂಪ್ಯೂಟರ್ ನಿಮ್ದೇ. ಮರ ರಂಜಿತಾಳದ್ದು."

ಹೆಡ್‌ಮಾಸ್ಟ್ರು ಬಗ್ಗಿ, "ಆ ಪ್ರೊಸೀಜರನ್ನೇ ಬಿಚ್ಚಿ ನೀನೇ ಬದಲಾಯಿಸಪ್ಪ, ನಿಂಗೆ ಬರುತ್ತಲ್ಲ," ಅಂದ್ರು. ಬರ್ತಿತ್ತು. ಒಂದು ಸಾಲಿನ ಕೆಲಸ, ಕಣ್ಣು ಮುಚ್ಚಿ ಮಾಡ್ತಿದ್ದ. ಆದ್ರೆ ಅವನು ಕೀಬೋರ್ಡ್ ಮುಟ್ಲಿಲ್ಲ. "ಅದು ನಾನು ಬರೆದಿದ್ದಲ್ಲ ಸಾರ್. ಅವಳೇ ಬರ್ಬೇಕು," ಅಂದು ಕುರ್ಚಿಯಿಂದ ಎದ್ದುಬಿಟ್ಟ. ಸಾರು ಸಿಹಿ ಅಂತ ಊಟಿ ಬಿಟ್ಟು ಬಂದ ಹುಡುಗ ಅಂತ ನಾನು ಅವನನ್ನ ಎಷ್ಟು ಸಲ ಆಡ್ಕೊಂಡಿದ್ದೆನೋ. ಅವತ್ತು ಅವನ ಮೇಲೆ ನಂಗೆ ಬಹಳ ಪ್ರೀತಿ ಬಂತು.

"ಯಾರಮ್ಮ ರಂಜಿತಾ? ಬಾ ಇಲ್ಲಿ," ಅಂತ ಪರಮೇಶ್ವರಪ್ಪನವ್ರು ಬಾಗಿಲ ಕಡೆ ತಿರುಗಿದ್ರು.

ಮಕ್ಕಳು ದಾರಿ ಬಿಟ್ರು. ರಂಜಿತಾ ಬಂದ್ಳು. ಅವಳ ಅಮ್ಮ ದಿನಾ ಯಾರ ತೋಟದಲ್ಲಿ ತಲೆ ಬಗ್ಗಿಸಿ ಹಣ್ಣು ಕುಯ್ತಾಳೋ ಆ ಸಾಹುಕಾರ್ರು ಎದುರಿಗೇ ಕೂತಿದ್ರು. ಖಾಲಿ ಕುರ್ಚಿ ಹತ್ರ ಬಂದು ನಿಂತ್ಳು, ಕೂರ್ಲಿಲ್ಲ. ಹೆಡ್‌ಮಾಸ್ಟ್ರ ಮುಖ ನೋಡಿದ್ಳು.

"ಸಾರ್, ಚಿಕ್ಕಮಗಳೂರಿಗೆ ನಾನು ಹೋಗ್ತೀನೋ ಇಲ್ವೋ?"

ಇದನ್ನೇ ಕೇಳಿ ನಾನು ನೋಡೋಣ ಅನ್ನಿಸ್ಕೊಂಡು ಬಂದಿದ್ದೆ, ಅವಳು ಎಲ್ಲರ ಮುಂದೆ ಹೋಗ್ತೀನೋ ಇಲ್ವೋ ಅಂತ ಕೇಳಿದ್ಳು. ಹೆಡ್‌ಮಾಸ್ಟ್ರು ಪರಮೇಶ್ವರಪ್ಪನವರ ಕಡೆ ನೋಡಿದ್ರು.

"ನನ್ನನ್ನೇನು ನೋಡ್ತೀರಿ ಮೇಷ್ಟ್ರೇ," ಅಂದ್ರು ಅವ್ರು. "ಹುಡುಗಿ ಕೇಳಿದ್ದು ನಿಮ್ಮನ್ನ. ಅಲ್ಲಿ ಯಾರಾದ್ರೂ ಮರ ಹತ್ರ ಮಾಡಿ ತೋರ್ಸಿ ಅಂದ್ರೆ ನೀವು ಮಾಡ್ತೀರಾ?"

ಗುರುವಯ್ಯನವ್ರು ಅವಳ ಕಡೆ ತಿರುಗಿದ್ರು. "ಹೋಗ್ತೀಯಮ್ಮ. ನೀನೂ ಲಿಖಿತನೂ."

ರಂಜಿತಾ ಕುರ್ಚಿ ಮುಂದಕ್ಕೆ ಎಳ್ಕೊಂಡು ಕೂತ್ಳು. ಕೀಬೋರ್ಡನ್ನ ತನ್ನ ಕಡೆ ಸರಿಸಿ, ಸಾಹುಕಾರ್ರ ಕಡೆ ತಿರುಗಿದ್ಳು.

"ಹದಿನೈದಾ ಅಂದ್ರಿ?"